ಗುಂಡಿಗೂ ದೀಪಕ್ಕೂ ನಡುವೆ ಯಾರಿದ್ದಾರೆ?

ನಗರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಜೆಕ್ಟ್ ಪ್ರದರ್ಶನ. ಕರೆದಿದ್ದರು, ಹೋಗಿದ್ದೆ. ಬಾಗಿಲಲ್ಲಿ ಗುಲಾಬಿ ಹೂ, ಒಳಗೆ ತಣ್ಣಗಾದ ಕಾಫಿ, ಮೇಜುಗಳ ತುಂಬ ಮಿಣಮಿಣ ದೀಪ. ಒಂದು ಮೇಜಿನ ಮುಂದೆ ನಿಂತೆ. ಥರ್ಮೋಕೋಲ್‌ನಲ್ಲಿ ಮಾಡಿದ ಕಾರ್ ಪಾರ್ಕಿಂಗ್. ಗೇಟಿನ ಪಕ್ಕದಲ್ಲಿ ಒಂದು ಪುಟ್ಟ ಗುಂಡಿ. ಒಂದು ಕಾರು ಒಳಗೆ ಬಂದರೆ ಕಾವಲುಗಾರ ಅದನ್ನು ಒಂದು ಸಲ ಒತ್ತಬೇಕು, ಎದುರಿನ ಕೆಂಪು ಅಂಕಿ ಒಂದು ಹೆಚ್ಚಬೇಕು. ಅಷ್ಟೇ ಕತೆ.

ಒತ್ತಿದೆ. ಸೊನ್ನೆ ಇದ್ದದ್ದು ಮೂರಾಯಿತು. ಮತ್ತೆ ಒತ್ತಿದೆ. ನಾಲ್ಕಾಯಿತು. ಇನ್ನೊಮ್ಮೆ ಒತ್ತಿದೆ. ಆರು!

"ಏನಪ್ಪಾ ಇದು, ಮೂರು ಕಾರಿಗೆ ಆರು ಲೆಕ್ಕ?" ಎಂದೆ.

"ಅದು ಹಂಗೇ ಸಾರ್."

"ಹಂಗೇ ಅಂದ್ರೆ?"

"ಮೆತ್ತಗೆ ಒತ್ತಬೇಕು ಸಾರ್. ಜೋರಾಗಿ ಒತ್ತಿದ್ರೆ ಹಂಗಾಗತ್ತೆ."

"ಪ್ರೋಗ್ರಾಂ ತೋರಿಸು, ನೋಡೋಣ."

ಹುಡುಗ ಪಕ್ಕದ ಗೆಳೆಯನ ಮುಖ ನೋಡಿದ. ಗೆಳೆಯ ನೆಲ ನೋಡಿದ. ಕೊನೆಗೆ ಮೆಲ್ಲಗೆ ಬಾಯಿ ಬಿಟ್ಟ: "ಅದು ಚಿಪ್ ಒಳಗೇ ಇದೆ ಸಾರ್. ಅಂಗಡಿಯೋರು ಕೋಡ್ ಕೊಡಲಿಲ್ಲ."

ಅರ್ಥವಾಯಿತಲ್ಲ? ನಾಲ್ಕು ವರ್ಷ ಓದಿ, ಅಪ್ಪನ ಸಾಲದ ದುಡ್ಡಿನಲ್ಲಿ ಫೀಸು ಕಟ್ಟಿ, ಕೊನೆಗೆ ಪ್ರಾಜೆಕ್ಟನ್ನು ಅಂಗಡಿಯಿಂದ ಕೊಂಡು ತಂದಿದ್ದಾರೆ. ಮದುವೆ ಮನೆಗೆ ಬಾಡಿಗೆ ಕೋಟು ತಂದ ಹಾಗೆ. ರಿಪೋರ್ಟು ಕೂಡ ಜೊತೆಗೇ ಸಿಕ್ಕಿದೆ, ಬೈಂಡ್ ಮಾಡಿಸಿ, ಮೇಲೆ ಬಂಗಾರದ ಅಕ್ಷರ ಹಾಕಿಸಿ. ಆ ಹುಡುಗನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಆದರೆ "ಅದು ಹಂಗೇ ಸಾರ್" ಎಂಬ ಮಾತು ಮಾತ್ರ ಮನೆಗೆ ಬಂದ ಮೇಲೂ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು. ಇವತ್ತಿನ ಸಂಪಾದಕೀಯ ಆ ಮಾತಿನ ಮೇಲೆ.

ಬೆಂಗಳೂರಿನ ಹುಡುಗ ಹುಡುಗಿಯರಿಗೆ ಎಸ್.ಪಿ. ರೋಡು ಎಲ್ಲಿದೆ ಎಂದು ಹೇಳಬೇಕಾಗಿಲ್ಲ. ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ, ಕೇಳುವವರಿದ್ದಾರೆ, ಮಾರುತ್ತಾರೆ. ನನ್ನ ತಕರಾರು ಬೇರೆ. ರೆಡಿಮೇಡ್ ಪ್ರಾಜೆಕ್ಟ್ ಸಿಗುವ ಅದೇ ಬೀದಿಗಳಲ್ಲಿ ಒಂದು ಆರ್ಡುಯಿನೊ ಬೋರ್ಡು, ಒಂದು ಬ್ರೆಡ್‌ಬೋರ್ಡು, ನಾಲ್ಕು ಎಲ್‌ಇಡಿ, ನಾಲ್ಕು ಗುಂಡಿ, ಒಂದು ಹಿಡಿ ರೆಸಿಸ್ಟರ್ ಕೂಡ ಸಿಗುತ್ತವೆ. ಮಲ್ಟಿಪ್ಲೆಕ್ಸಿನಲ್ಲಿ ಇಬ್ಬರು ಸಿನಿಮಾ ನೋಡಿ ಪಾಪ್‌ಕಾರ್ನ್ ತಿನ್ನುವ ದುಡ್ಡಿನಲ್ಲಿ ಇಷ್ಟೂ ಬರುತ್ತದೆ. ಅದನ್ನು ತನ್ನಿ. ಭಾನುವಾರ ಒಂದು ಗುಂಡಿ ಒತ್ತಿ ಒಂದು ದೀಪ ಹಚ್ಚಿ. ಬೇರೇನೂ ಬೇಡ.

"ಇಷ್ಟೇನಾ? ನಮ್ಮ ಮನೆ ಗೋಡೆ ಮೇಲೆ ದಿನಾ ಹಚ್ತೀವಲ್ಲ!" ಎನ್ನುತ್ತೀರಿ. ಅಲ್ಲೇ ಇರುವುದು ವಿಷಯ. ಗೋಡೆಯ ಸ್ವಿಚ್ಚಿನಲ್ಲಿ ಬಲ್ಬಿಗೆ ಹೋಗುವ ಕರೆಂಟೇ ಸ್ವಿಚ್ಚಿನೊಳಗೆ ಹಾದು ಹೋಗುತ್ತದೆ. ನಡುವೆ ಯಾರೂ ಇಲ್ಲ. ಮೈಕ್ರೋಕಂಟ್ರೋಲರ್ ಇರುವಲ್ಲಿ ಹಾಗಲ್ಲ. ಗುಂಡಿಗೂ ದೀಪಕ್ಕೂ ನಡುವೆ ನೇರ ತಂತಿಯೇ ಇಲ್ಲ! ಗುಂಡಿ ಬರೀ ಸುದ್ದಿ ಮುಟ್ಟಿಸುತ್ತದೆ. ಆ ಸುದ್ದಿಯನ್ನು ಒಂದು ಪ್ರೋಗ್ರಾಂ ಓದುತ್ತದೆ, ದೀಪ ಹಚ್ಚಬೇಕೋ ಬೇಡವೋ ಎಂದು ಅದು ತೀರ್ಮಾನಿಸುತ್ತದೆ. ಆ ನಾಲ್ಕು ಸಾಲು ಬರೆದವನು ಮನಸ್ಸು ಮಾಡಿದರೆ ಒತ್ತಿದಾಗ ಹತ್ತುತ್ತದೆ, ಒತ್ತಿದಾಗ ಆರುತ್ತದೆ, ಏಳನೆಯ ಸಲ ಒತ್ತಿದಾಗ ಮಾತ್ರ ಹತ್ತುತ್ತದೆ, ಇಲ್ಲವೇ ನೀವು ಒತ್ತದಿದ್ದರೂ ಹತ್ತುತ್ತದೆ. ಇಂದು ಲಿಫ್ಟು, ವಾಷಿಂಗ್ ಮೆಷಿನ್ನು, ಎಟಿಎಮ್ಮು, ಆಸ್ಪತ್ರೆಯ ಮಂಚದ ಪಕ್ಕದ ಯಂತ್ರ, ಎಲ್ಲ ಕಡೆಯೂ ನಿಮ್ಮ ಬೆರಳಿಗೂ ದೀಪಕ್ಕೂ ನಡುವೆ ಹೀಗೆ ಒಬ್ಬ ಕೂತಿದ್ದಾನೆ. ಅವನು ಯಾರು, ಏನು ಬರೆದಿದ್ದಾನೆ ಎಂದು ಕೇಳುವ ಧೈರ್ಯ ಬರಬೇಕಾದರೆ ಒಂದು ಸಲವಾದರೂ ಆ ಕುರ್ಚಿಯಲ್ಲಿ ನೀವು ಕೂತಿರಬೇಕು.

ಮೊದಲು ದೀಪ. ಎಲ್‌ಇಡಿಗೆ ಎರಡು ಕಾಲು, ಉದ್ದದ್ದು ಪ್ಲಸ್. ಅದನ್ನು ನೇರವಾಗಿ ಚಿಪ್ಪಿನ ಪಿನ್ನಿಗೂ ನೆಲಕ್ಕೂ, ಅಂದರೆ ಗ್ರೌಂಡಿಗೂ, ಸಿಕ್ಕಿಸಬೇಡಿ. ಎಲ್‌ಇಡಿಗೆ ಸಂಯಮ ಇಲ್ಲ, ಕೊಟ್ಟಷ್ಟು ಕರೆಂಟು ಕುಡಿಯುತ್ತದೆ. ಅದಕ್ಕೆ ಒಂದು ರೆಸಿಸ್ಟರಿನ ಕಡಿವಾಣ ಬೇಕು. ಲೆಕ್ಕ ಏಳನೇ ಕ್ಲಾಸಿನದು. ಪಿನ್ನಿನಿಂದ ಬರುವುದು 5 ವೋಲ್ಟ್. ಕೆಂಪು ಎಲ್‌ಇಡಿ ತನಗೆಂದು ಸುಮಾರು 2 ವೋಲ್ಟ್ ಇಟ್ಟುಕೊಳ್ಳುತ್ತದೆ. ಉಳಿದದ್ದು 3. ನಿಮಗೆ 10 ಮಿಲಿ ಆಂಪಿಯರ್ ಸಾಕು. 3ನ್ನು 0.01ರಿಂದ ಭಾಗಿಸಿ, 300 ಓಮ್. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 330, ಅದನ್ನೇ ಹಾಕಿ, 9 ಮಿಲಿ ಆಂಪಿಯರ್ ಹರಿಯುತ್ತದೆ. ಆರ್ಡುಯಿನೊ ಊನೊ ಬೋರ್ಡಿನಲ್ಲಿರುವ ಎಟಿಮೆಗಾ 328ಪಿ ಚಿಪ್ಪಿನ ಒಂದು ಪಿನ್ನು 40 ಮಿಲಿ ಆಂಪಿಯರ್ ಮೀರಿದರೆ ಕೆಡಬಹುದು ಎಂದು ತಯಾರಕರೇ ಬರೆದಿದ್ದಾರೆ. ಹಾಗಾಗಿ ಜಿಪುಣತನ ಒಳ್ಳೆಯದು.

ನಿಮ್ಮ ಲ್ಯಾಬಿನಲ್ಲಿ 8051 ಇದ್ದರೆ ಕತೆ ತಿರುಗಾಮುರುಗಾ. ಇಂಟೆಲ್ ಕಂಪನಿ 1980ರಲ್ಲಿ ಹೊರತಂದ ಈ ನಲವತ್ತು ಕಾಲಿನ ಜರಿಹುಳ ನಮ್ಮ ಡಿಪ್ಲೊಮಾ, ವಿಟಿಯು ಹುಡುಗರ ತಲೆ ತಿಂದದ್ದು ಅಷ್ಟಿಷ್ಟಲ್ಲ. ಇದರ ಪಿನ್ನಿನಲ್ಲಿ 1 ಬರೆದು, ಪಿನ್ನಿನಿಂದ ನೆಲಕ್ಕೆ ಎಲ್‌ಇಡಿ ಹಾಕಿದರೆ ದೀಪ ಹತ್ತಿತೋ ಇಲ್ಲವೋ ಎಂದು ಕೈ ಅಡ್ಡ ಹಿಡಿದು ನೋಡಬೇಕು. ಚಿಪ್ಪು ಹಾಳಾಗಿದೆ ಎಂದು ಎಷ್ಟು ಜನ ಎಸೆದರೋ! ಹಾಳಾಗಿರಲಿಲ್ಲ. 8051ಕ್ಕೆ ಕರೆಂಟನ್ನು ಹೊರಗೆ ತಳ್ಳುವ ಶಕ್ತಿ ಕಡಿಮೆ, ಒಳಗೆ ಎಳೆದುಕೊಳ್ಳುವ ಶಕ್ತಿ ಹೆಚ್ಚು. ಆದ್ದರಿಂದ ಎಲ್‌ಇಡಿಯನ್ನು 5 ವೋಲ್ಟಿನಿಂದ ರೆಸಿಸ್ಟರ್ ಮೂಲಕ ಪಿನ್ನಿಗೆ ಕಟ್ಟಬೇಕು. ಆಗ 0 ಬರೆದರೆ ದೀಪ ಹತ್ತುತ್ತದೆ, 1 ಬರೆದರೆ ಆರುತ್ತದೆ. ಅದಕ್ಕೂ ಮಿತಿ ಇದೆ. ಅಟ್ಮೆಲ್ ಕಂಪನಿಯ ಎಟಿ 89ಸಿ51 ಚಿಪ್ಪಿನ ಒಂದು ಪಿನ್ನು 10 ಮಿಲಿ ಆಂಪಿಯರ್ ಎಳೆಯಬಲ್ಲದು, ಆದರೆ ಪೋರ್ಟ್ 1ರ ಎಂಟೂ ಪಿನ್ನು ಸೇರಿ 15 ದಾಟಬಾರದು. ಎಂಟು ದೀಪ ಒಟ್ಟಿಗೆ ಹಚ್ಚಿದರೆ ಒಂದೊಂದಕ್ಕೆ 2 ಮಿಲಿ ಆಂಪಿಯರೂ ಇಲ್ಲ! ಗೈಡ್ ಪುಸ್ತಕದ ಚಿತ್ರ ನಕಲು ಮಾಡುವವರಿಗೆ ಇದು ಗೊತ್ತಾಗುವುದೇ ಇಲ್ಲ. ಡೇಟಾಶೀಟ್ ಓದುವವರಿಗೆ ಗೊತ್ತಾಗುತ್ತದೆ.

ಈಗ ಗುಂಡಿ. ಮಾರ್ಕೆಟ್ಟಿನಲ್ಲಿ ಸಿಗುವ ಪುಟ್ಟ ಚೌಕದ ಗುಂಡಿಗೆ ನಾಲ್ಕು ಕಾಲು. ನಾಲ್ಕು ಬೇರೆ ಬೇರೆ ಅಲ್ಲ, ಒಳಗೆ ಎರಡೆರಡು ಜೋಡಿ ಮೊದಲೇ ಒಂದಾಗಿವೆ. ಬ್ರೆಡ್‌ಬೋರ್ಡಿನ ಮೇಲೆ ಅಡ್ಡ ತಿರುಗಿಸಿ ಕೂರಿಸಿದರೆ ಒತ್ತದೆಯೇ ಒತ್ತಿದಂತೆ. ನಾನೇ ಒಂದು ಸಂಜೆಯೆಲ್ಲ ಪ್ರೋಗ್ರಾಂ ತಿದ್ದಿ ತಿದ್ದಿ ಸೋತು, ರಾತ್ರಿ ಊಟಕ್ಕೆ ಕರೆದಾಗ ಸಿಟ್ಟಿನಿಂದ ಗುಂಡಿ ಕಿತ್ತು, ಮತ್ತೆ ಚುಚ್ಚುವಾಗ ಅಕಸ್ಮಾತ್ ಸರಿಯಾಗಿ ಕೂತು, ದೀಪ ಹೇಳಿದ ಮಾತು ಕೇಳಿತು. ಕಾರಣ ತಿಳಿದದ್ದು ಮರುದಿನ. (ನಗಬೇಡಿ, ನಿಮಗೂ ಆಗುತ್ತದೆ.)

ಗುಂಡಿಯ ಒಂದು ಕಾಲು ಪಿನ್ನಿಗೆ, ಇನ್ನೊಂದು 5 ವೋಲ್ಟಿಗೆ. ಒತ್ತಿದರೆ 1 ಓದುತ್ತದೆ, ಸರಿ. ಒತ್ತದಿದ್ದಾಗ? ಸೊನ್ನೆ ಎಂದಿರಾ? ತಪ್ಪು! ಒತ್ತದಿದ್ದಾಗ ಆ ಪಿನ್ನು ಯಾವುದಕ್ಕೂ ಸೇರಿಲ್ಲ, ಗಾಳಿಯಲ್ಲಿ ತೇಲುತ್ತಿದೆ. ತೇಲುವ ಪಿನ್ನು ಆಂಟೆನಾ ಇದ್ದ ಹಾಗೆ. ಮನೆಯ ವೈರಿಂಗಿನ 50 ಹರ್ಟ್ಸ್ ಕಂಪನವನ್ನೂ ಹಿಡಿಯುತ್ತದೆ, ನೀವು ಬೆರಳು ಹತ್ತಿರ ತಂದರೂ ಬೆದರುತ್ತದೆ. ದೀಪ ದೆವ್ವ ಹಿಡಿದಂತೆ ಮಿನುಗುತ್ತದೆ. ಒತ್ತದಿದ್ದಾಗ ಏನು ಓದಬೇಕು ಎಂಬುದನ್ನೂ ನೀವೇ ಹೇಳಿಕೊಡಬೇಕು. ಅದಕ್ಕೆ ಪುಲ್‌ಅಪ್ ರೆಸಿಸ್ಟರ್. ಎಟಿಮೆಗಾ ಚಿಪ್ಪಿನ ಒಳಗೇ 20ರಿಂದ 50 ಸಾವಿರ ಓಮಿನಷ್ಟು ಅಂಥದ್ದೊಂದಿದೆ, ಪ್ರೋಗ್ರಾಮಿನಲ್ಲಿ 'ಇನ್‌ಪುಟ್ ಪುಲ್‌ಅಪ್' ಎಂದರೆ ಅದು ಎಚ್ಚರವಾಗುತ್ತದೆ. ಆಮೇಲೆ ಗುಂಡಿಯ ಇನ್ನೊಂದು ಕಾಲನ್ನು 5 ವೋಲ್ಟಿಗಲ್ಲ, ನೆಲಕ್ಕೆ ಕಟ್ಟಿ. ಒತ್ತದಿದ್ದರೆ 1, ಒತ್ತಿದರೆ 0. ಉಲ್ಟಾ ಅನಿಸುತ್ತದೆ. ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ.

ಇಷ್ಟಾದ ಮೇಲೆ ಒಂದು ಹೆಜ್ಜೆ ಮುಂದೆ ಹೋಗಿ. ಒಂದು ಸಲ ಒತ್ತಿದರೆ ದೀಪ ಹತ್ತಬೇಕು, ಇನ್ನೊಂದು ಸಲ ಒತ್ತಿದರೆ ಆರಬೇಕು. ಸುಲಭ ಅನಿಸುತ್ತದೆ. ಬರೆಯುತ್ತೀರಿ. ಒತ್ತುತ್ತೀರಿ. ಒಮ್ಮೆ ಹತ್ತುತ್ತದೆ, ಒಮ್ಮೆ ಹತ್ತುವುದಿಲ್ಲ. "ಅದು ಹಂಗೇ ಸಾರ್"!

ಹಂಗಲ್ಲ. ಗುಂಡಿಯೊಳಗೆ ಇರುವುದು ಸ್ಪ್ರಿಂಗಿನಂಥ ಲೋಹದ ತಗಡು. ಕೇರಂ ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯ ಬೀಳಿಸಿ ನೋಡಿ. ಒಂದೇ ಸಲ ಬಿದ್ದು ಸುಮ್ಮನಾಗುತ್ತದೆಯೇ? ಟಣ್, ಟಣಣ, ಟಟಟ ಎಂದು ಕುಣಿದು ನಿಲ್ಲುತ್ತದೆ. ತಗಡೂ ಹಾಗೆಯೇ. ನಿಮ್ಮ ಬೆರಳಿಗೆ ಒಂದೇ ಒತ್ತು, ಆದರೆ ಒಳಗೆ ಕೆಲವು ಮಿಲಿಸೆಕೆಂಡು ಮುಟ್ಟಿ, ಬಿಟ್ಟು, ಮುಟ್ಟಿ, ಬಿಟ್ಟು, ಆಮೇಲೆ ನಿಲ್ಲುತ್ತದೆ. ಇದಕ್ಕೆ ಬೌನ್ಸ್ ಎನ್ನುತ್ತಾರೆ. ನಮ್ಮ ಕಣ್ಣಿಗೆ 5 ಮಿಲಿಸೆಕೆಂಡು ಏನೂ ಅಲ್ಲ. ಆದರೆ 12 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿದ 8051ಕ್ಕೆ ಒಂದು ಮೆಷಿನ್ ಸೈಕಲ್ ಎಂದರೆ ಒಂದು ಮೈಕ್ರೋಸೆಕೆಂಡು. 5 ಮಿಲಿಸೆಕೆಂಡಿನಲ್ಲಿ ಅಂಥ 5,000 ಸೈಕಲ್ ಮುಗಿದಿರುತ್ತವೆ. ಅದು ಪ್ರತಿ ಕುಣಿತವನ್ನೂ ಹೊಸ ಒತ್ತು ಎಂದು ಪ್ರಾಮಾಣಿಕವಾಗಿ ಎಣಿಸುತ್ತದೆ. ಎರಡು ಎಂದು ಎಣಿಸಿದರೆ ದೀಪ ಹತ್ತಿ, ನೀವು ನೋಡುವಷ್ಟರಲ್ಲಿ ಆರಿರುತ್ತದೆ. ನಿಮಗೆ ಕಾಣುವುದು ಕೆಲಸ ಮಾಡದ ಗುಂಡಿ. ಅದು ಮಾಡಿದ್ದು ಡಬಲ್ ಕೆಲಸ.

ಔಷಧ ಸರಳ. ಬದಲಾವಣೆ ಕಂಡ ಕೂಡಲೇ ನಂಬಬೇಡಿ. 20 ಮಿಲಿಸೆಕೆಂಡು ತಡೆದು ಇನ್ನೊಂದು ಸಲ ಓದಿ. ಈಗಲೂ ಅದೇ ಇದ್ದರೆ ಒಪ್ಪಿಕೊಳ್ಳಿ. ಇನ್ನೊಂದು ಮಾತು: ಗುಂಡಿ 'ಒತ್ತಿದ ಸ್ಥಿತಿಯಲ್ಲಿದೆ' ಎನ್ನುವುದು ಬೇರೆ, 'ಈಗ ತಾನೇ ಒತ್ತಿದರು' ಎನ್ನುವುದು ಬೇರೆ. ಎಣಿಸಬೇಕಾದ್ದು ಎರಡನೆಯದನ್ನು. ಅದಕ್ಕೆ ಹಿಂದಿನ ಸಲ ಓದಿದ್ದೇನು ಎಂದು ನೆನಪಿಟ್ಟುಕೊಳ್ಳುವ ಒಂದು ವೇರಿಯಬಲ್ ಬೇಕು. ಹಿಂದೆ 1, ಈಗ 0, ಆಗ ಮಾತ್ರ ಒಂದು ಎಣಿಸು. ಇಲ್ಲದಿದ್ದರೆ ಬೆರಳು ತೆಗೆಯುವಷ್ಟರಲ್ಲಿ ಲೆಕ್ಕ ಸಾವಿರ ದಾಟುತ್ತದೆ.

'ಡಿಲೇ' ಎಂಬ ಸೋಮಾರಿಯ ಬಗ್ಗೆಯೂ ಹೇಳಬೇಕು. ಒಂದು ದೀಪ ಸೆಕೆಂಡಿಗೊಮ್ಮೆ ಮಿನುಗಲಿ ಎಂದು 'ಡಿಲೇ 1000' ಎಂದು ಬರೆಯುತ್ತೀರಿ. ಆ ಒಂದು ಸೆಕೆಂಡು ನಿಮ್ಮ ಪ್ರೋಗ್ರಾಂ ಕಣ್ಣು ಮುಚ್ಚಿ ಕೂತಿರುತ್ತದೆ. ನಡುವೆ ಗುಂಡಿ ಒತ್ತಿ ಬಿಟ್ಟರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಅನ್ನಕ್ಕಿಟ್ಟವರು ಕುಕ್ಕರ್ ಮುಂದೆ ಕೈಕಟ್ಟಿ ನಿಲ್ಲುತ್ತಾರೆಯೇ? ಗಡಿಯಾರ ನೋಡಿಕೊಂಡು ಪಲ್ಯಕ್ಕೆ ಹೆಚ್ಚುತ್ತಾರೆ. ಆರ್ಡುಯಿನೊದಲ್ಲಿ ಆ ಗಡಿಯಾರದ ಹೆಸರು 'ಮಿಲ್ಲಿಸ್'. ಎಷ್ಟು ಹೊತ್ತಾಯಿತು ಎಂದು ಕೇಳಿ, ಹೊತ್ತಾಗಿದ್ದರೆ ದೀಪ ಬದಲಿಸಿ, ಇಲ್ಲದಿದ್ದರೆ ಗುಂಡಿ ನೋಡಿ. ಒಂದೇ ಚಿಪ್ಪು ಹತ್ತು ಕೆಲಸ ಒಟ್ಟಿಗೆ ಮಾಡುವಂತೆ ಕಾಣುವ ಗುಟ್ಟು ಇಷ್ಟೇ.

ಪ್ರತಿ ಸಾಲಿನ ಪಕ್ಕ ಅದು ಏನು ಮಾಡುತ್ತದೆ ಎಂದು ಕನ್ನಡದಲ್ಲಿ ಬರೆದಿಡಿ. ಎರಡು ಓರೆಗೆರೆ ಹಾಕಿ ಬರೆದ ಟಿಪ್ಪಣಿಯನ್ನು ಕಂಪೈಲರ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದಕ್ಕೆ ಯಾವ ಭಾಷೆಯಾದರೂ ಒಂದೇ. ಕಂಠಪಾಠ ಮಾಡಿದ ಇಂಗ್ಲಿಷ್ ವಾಕ್ಯ ವೈವಾದಲ್ಲಿ ಪಾರು ಮಾಡೀತು. ಆದರೆ "ಪಿನ್ನು ಯಾಕೆ ತೇಲುತ್ತೆ?" ಎಂದು ನಿಮ್ಮ ತಂಗಿ ಕೇಳಿದರೆ ಮನೆಮಾತಿನಲ್ಲಿ ಹೇಳಲು ಬರಬೇಕು. ಬರದಿದ್ದರೆ ನಿಮಗೇ ತಿಳಿದಿಲ್ಲ ಎಂದು ಅರ್ಥ.

ಇಷ್ಟೆಲ್ಲ ಯಾಕೆ, ಬೇಡದ ಉಸಾಬರಿ ಎನ್ನುವವರಿಗೆ ಒಂದು ಪ್ರಶ್ನೆ. ಹದಿನೆಂಟು ತುಂಬಿದ ನೀವು ಮತಗಟ್ಟೆಗೆ ಹೋಗಿ ಮಾಡಿದ್ದೇನು? ಒಂದು ಗುಂಡಿ ಒತ್ತಿದಿರಿ. ಒಂದು ದೀಪ ಹತ್ತಿತು.

ನಮ್ಮ ಮತಯಂತ್ರಗಳನ್ನು ಮಾಡುವ ಎರಡು ಕಂಪನಿಗಳಲ್ಲಿ ಒಂದು ಇಲ್ಲೇ ಬೆಂಗಳೂರಿನ ಬಿಇಎಲ್, ಇನ್ನೊಂದು ಹೈದರಾಬಾದಿನ ಇಸಿಐಎಲ್. ಅಧಿಕಾರಿ ತನ್ನ ಯಂತ್ರದ ಬ್ಯಾಲೆಟ್ ಗುಂಡಿ ಒತ್ತಿದರೆ ನಿಮ್ಮ ಮುಂದೆ ಹಸಿರು ದೀಪ. ಅಭ್ಯರ್ಥಿಯ ಪಕ್ಕದ ನೀಲಿ ಗುಂಡಿ ಒತ್ತಿದರೆ ಕೆಂಪು ದೀಪ, ಉದ್ದನೆಯ ಬೀಪ್. ಅಲ್ಲಿಗೆ ಬೀಗ. ಅಧಿಕಾರಿ ಮತ್ತೆ ಒತ್ತುವ ತನಕ ನೀವು ಹತ್ತು ಸಲ ಕುಟ್ಟಿದರೂ ಲೆಕ್ಕಕ್ಕಿಲ್ಲ. ಒಂದು ಒತ್ತು, ಒಂದು ಓಟು. ಆ ಪಾರ್ಕಿಂಗ್ ಹುಡುಗನ ಚಿಪ್ಪು ಅಲ್ಲಿದ್ದಿದ್ದರೆ? ಮೆತ್ತಗೆ ಒತ್ತಿದವನಿಗೆ ಒಂದು ಓಟು, ಜೋರಾಗಿ ಒತ್ತಿದವನಿಗೆ ಮೂರು!

ಮೊದಲ ಸಲ ಈ ಯಂತ್ರ ಬಳಸಿದ್ದು 1982ರ ಮೇ ತಿಂಗಳಲ್ಲಿ, ಕೇರಳದ ಪರೂರ್ ಕ್ಷೇತ್ರದ 50 ಮತಗಟ್ಟೆಗಳಲ್ಲಿ. ಗೆಲುವಿನ ಅಂತರ 123 ಮತ. ಸೋತವರು ಕೋರ್ಟಿಗೆ ಹೋದರು. 1984ರಲ್ಲಿ ಸುಪ್ರೀಂ ಕೋರ್ಟ್ ಆ ಮತಗಟ್ಟೆಗಳಲ್ಲಿ ಮರುಮತದಾನ ಮಾಡಿಸಿತು. ಯಂತ್ರ ಕೆಟ್ಟಿತ್ತು ಎಂದಲ್ಲ, ಯಂತ್ರದಿಂದ ಓಟು ಹಾಕಿಸಲು ಕಾನೂನೇ ಇಲ್ಲ ಎಂದು. 1988ರ ಡಿಸೆಂಬರಿನಲ್ಲಿ ಕಾನೂನು ತಿದ್ದಿದರು. 2004ರ ಲೋಕಸಭಾ ಚುನಾವಣೆ ಇಡೀ ದೇಶದಲ್ಲಿ ಯಂತ್ರದಲ್ಲೇ ನಡೆಯಿತು.

ಆಮೇಲೆ ಒಂದು ಪ್ರಶ್ನೆ ಎದ್ದಿತು, ಸರಿಯಾದ ಪ್ರಶ್ನೆ: ಕೆಂಪು ದೀಪ ಹತ್ತಿತು, ಒಪ್ಪಿದೆ. ಆದರೆ ಒಳಗೆ ಬರೆದುಕೊಂಡದ್ದೂ ಅದನ್ನೇ ಎನ್ನುವುದಕ್ಕೆ ದೀಪ ಸಾಕ್ಷಿಯೇ? ಬ್ರೆಡ್‌ಬೋರ್ಡಿನ ಮೇಲೆ ಒಂದು ಭಾನುವಾರ ಕಳೆದವರಿಗೆ ಉತ್ತರ ಗೊತ್ತು. ದೀಪ ಹಚ್ಚುವ ಸಾಲು ಬೇರೆ, ಲೆಕ್ಕ ಬರೆಯುವ ಸಾಲು ಬೇರೆ. ಒಂದು ನಡೆದರೆ ಇನ್ನೊಂದು ನಡೆಯಿತು ಎಂದು ಗ್ಯಾರಂಟಿ ಇಲ್ಲ. ಅದಕ್ಕೇ ಕಾಗದ ಬಂತು. 2013ರ ಸೆಪ್ಟೆಂಬರಿನಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ವಿವಿಪ್ಯಾಟ್ ಮೊದಲು ಬಂತು. 7 ಸೆಕೆಂಡು ಗಾಜಿನ ಹಿಂದೆ ಚೀಟಿ ಕಾಣುತ್ತದೆ, ಆಮೇಲೆ ಪೆಟ್ಟಿಗೆಗೆ ಬೀಳುತ್ತದೆ. 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ 5 ಯಂತ್ರಗಳ ಚೀಟಿ ಎಣಿಸಿ ತಾಳೆ ನೋಡಲು ಹೇಳಿತು. ಎಲ್ಲ ಚೀಟಿಯನ್ನೂ ತಾಳೆ ನೋಡಬೇಕೆಂಬ ಬೇಡಿಕೆಯನ್ನು 2024ರ ಏಪ್ರಿಲ್‌ನಲ್ಲಿ ತಳ್ಳಿಹಾಕಿತು.

ಮತಯಂತ್ರದಲ್ಲಿ ಮೋಸ ನಡೆದಿದೆ ಎಂದು ಈ ಪತ್ರಿಕೆ ಹೇಳುತ್ತಿಲ್ಲ. ಸೋತ ದಿನ "ಎಲ್ಲ ಯಂತ್ರದ ಮೋಸ" ಎಂದು ಬೊಬ್ಬೆ ಹೊಡೆಯುವವರೂ, ಗೆದ್ದ ದಿನ "ಯಂತ್ರ ದೇವರಿದ್ದ ಹಾಗೆ" ಎಂದು ಕೈ ಮುಗಿಯುವವರೂ ಒಂದೇ ಮಾತು ಹೇಳುತ್ತಿದ್ದಾರೆ, "ಅದು ಹಂಗೇ ಸಾರ್". ಟೀ ಅಂಗಡಿಯ ಮುಂದೆ ಈ ಜಗಳಕ್ಕೆ ನಿಂತಾಗ ನಡುವಿನ ಪ್ರೋಗ್ರಾಂ ಯಾರು ಬರೆದರು, ಯಾರು ಪರೀಕ್ಷಿಸಿದರು, ಚೀಟಿಯ ಜೊತೆ ತಾಳೆ ಹೇಗೆ ಎಂದು ಕೇಳುವವರು ನಿಮ್ಮಲ್ಲಿ ಎಷ್ಟು ಜನ?

ಆ ಪ್ರದರ್ಶನದ ದಿನ ನಾನು ಸುಮ್ಮನೆ ಹೊರಟು ಬರಲಿಲ್ಲ. ಪಕ್ಕದ ಮೇಜಿನ ಹುಡುಗಿ ತನ್ನ ಆರ್ಡುಯಿನೊ, ಬ್ರೆಡ್‌ಬೋರ್ಡು, ಲ್ಯಾಪ್‌ಟಾಪು ಎಲ್ಲ ಕೊಟ್ಟಳು. "ಅಂಕಲ್, ಪುಲ್‌ಅಪ್ ಮರೀಬೇಡಿ" ಎಂದು ಎಚ್ಚರಿಕೆಯನ್ನೂ ಕೊಟ್ಟಳು. ಪಾರ್ಕಿಂಗ್ ಹುಡುಗನನ್ನೇ ಕೂರಿಸಿದೆವು. ಅವನ ಕೈಯಲ್ಲೇ ಗುಂಡಿ ಕಟ್ಟಿಸಿ, ಎಣಿಕೆಯ ಸಾಲು ಬರೆಸಿದೆವು. ಮೊದಲು 20 ಮಿಲಿಸೆಕೆಂಡಿನ ತಡೆ ಇಲ್ಲದೆ. ಒತ್ತಿದ, ಎರಡು. ಒತ್ತಿದ, ಮೂರು. ಒತ್ತಿದ, ಆರು. ನಾಣ್ಯದ ಕತೆ ಹೇಳಿದೆ. ಅವನು ಒಂದು ನಿಮಿಷ ಸುಮ್ಮನಿದ್ದ. ಆಮೇಲೆ ಯಾರನ್ನೂ ಕೇಳದೆ ತಾನೇ ಎರಡು ಸಾಲು ಸೇರಿಸಿದ. ಒಂದು ತಪ್ಪು ಬರೆದ, ಕಂಪೈಲರ್ ಬೈಯಿತು, ತಿದ್ದಿದ.

ಮೆಲ್ಲಗೆ ಒತ್ತಿದ. ಒಂದು.

ಜೋರಾಗಿ, ಮೇಜು ಅಲ್ಲಾಡುವಂತೆ ಒತ್ತಿದ. ಎರಡು.

ಕಾಫಿ ಲೋಟ ತೆಗೆಯಲು ಬಂದ ಅಟೆಂಡರನ್ನು ಕರೆದು, "ಅಣ್ಣಾ, ನೀವೂ ಒತ್ತಿ" ಎಂದ.